ಚಾಳೀಸು

ನಲವತ್ತು ದಾಟಿದವರಿಗೆ ಒದಗುವ ವಿಚಿತ್ರ ಪ್ರಾಪ್ತಿಯೆಂದರೆ ಚಾಳೀಸು. ದೂರದ ಬಸ್ಸಿನ ಹಲಗೆ ಸ್ಪಷ್ಟವಾಗಿ ಕಾಣುತ್ತದೆ. ಕೈಯಲ್ಲಿರುವ ಟಿಕೆಟ್ಟು ಕಾಣುವುದಿಲ್ಲ. ದೊಡ್ಡ ಯೋಜನೆಗಳನ್ನು ಬರೆಯುವವರಿಗೂ ಈ ದೋಷ ಉಂಟೆಂದು ನನಗೆ ಮನವರಿಕೆಯಾದುದು ನಮ್ಮೂರಿನ ವಿಮಾನ ನಿಲ್ದಾಣದ ಮಾತು ಕೇಳಿ ಕೇಳಿ. ಇಪ್ಪತ್ತು ವರ್ಷದಾಚೆ ಬರಲಿರುವ ಪ್ರಯಾಣಿಕ ಅವರಿಗೆ ಕಾಣುತ್ತಾನೆ. ಬೇಲಿಯ ಪಕ್ಕದಲ್ಲಿ ರಾಗಿ ಕೊಯ್ಯುತ್ತಿರುವವನು ಕಾಣುವುದಿಲ್ಲ. ಹಾಗಾದರೆ ನಮ್ಮ ಕಣ್ಣು ಸರಿಯೇ ಎಂದರೆ, ಅದೂ ಇಲ್ಲ. ಮೂಗಿನ ತುದಿಯಾಚೆ ನಮಗೆ ಏನೂ ಕಾಣದು.

ನಮ್ಮೂರೆಂದರೆ ಮೈಸೂರು, ನಿಲ್ದಾಣ ಮಂಡಕಳ್ಳಿಯದು. ನಂಜನಗೂಡಿನ ರಸ್ತೆಯಲ್ಲಿ ಹೋದವರೆಲ್ಲ ಅದನ್ನು ನೋಡಿದ್ದಾರೆ. ಅಲ್ಲಿಂದ ಹಾರಿದವರು ಕಡಿಮೆ. ಅರಸರ ಕಾಲದಲ್ಲಿ, 1940ರಲ್ಲಿ, ಅದು ಹುಟ್ಟಿತು. ಬಹುಕಾಲ ನಿದ್ದೆ ಮಾಡಿ 2010ರ ಮೇ ತಿಂಗಳಲ್ಲಿ ಹೊಸ ಕಟ್ಟಡದೊಡನೆ ಕಣ್ಣು ಬಿಟ್ಟಿತು. ಆ ವರ್ಷ ಬೆಂಗಳೂರಿಗೆ ಹಾರತೊಡಗಿದ ವಿಮಾನ ಮರುವರ್ಷವೇ ನಿಂತಿತು. 2013ರಲ್ಲಿ ಇನ್ನೊಂದು ಬಂದು ಹೋಯಿತು. 2017ರಿಂದ ಉಡಾನ್ ಯೋಜನೆಯ ದೆಸೆಯಿಂದ ಮತ್ತೆ ಒಂದಷ್ಟು ಓಡಾಟ. ಅತ್ತೆಮನೆಗೆ ಬಂದ ಅಳಿಯನಂತೆ ವಿಮಾನ ಯಾವಾಗ ಬಂದೀತು, ಎಷ್ಟು ದಿನ ಇದ್ದೀತು ಎಂದು ಕೇಳುವುದೇ ಸಂಕೋಚವಾಗಿತ್ತು.

ಇದರ ಗುಟ್ಟು ಓಡುಪಥದಲ್ಲಿದೆ. 2010ರಲ್ಲಿ ಸಿದ್ಧವಾದ ಪಥದ ಉದ್ದ 1740 ಮೀಟರು. ಪಂಖದ ಸಣ್ಣ ವಿಮಾನಗಳಿಗೆ ಅದು ಸಾಕು. ದೊಡ್ಡ ಜೆಟ್ ವಿಮಾನ ಪೂರ್ಣ ಭಾರ ಹೊತ್ತು ಏಳಲು ಸಾಲದು. ಅದರ ಮೇಲೆ ನಾವು ಸಮುದ್ರಮಟ್ಟದಿಂದ ಎರಡು ಸಾವಿರ ಅಡಿಗೂ ಎತ್ತರದಲ್ಲಿದ್ದೇವೆ. ಎತ್ತರದಲ್ಲಿ ಗಾಳಿ ತೆಳು. ಬಿಸಿಲಿಗೆ ಇನ್ನಷ್ಟು ತೆಳು. ತೆಳು ಗಾಳಿಯಲ್ಲಿ ರೆಕ್ಕೆಗೆ ಆಸರೆ ಸಿಗಬೇಕಾದರೆ ಹೆಚ್ಚು ದೂರ ಓಡಬೇಕು. ಪಥವನ್ನು 2750 ಮೀಟರಿಗೆ ಬೆಳೆಸಬೇಕೆಂಬ ಮಾತು ಹುಟ್ಟಿದ್ದು ಹೀಗೆ. ಆದರೆ ಒಂದು ತುದಿಯಾಚೆ ಹೆದ್ದಾರಿಯೂ ರೈಲುಹಳಿಯೂ ಅಡ್ಡಲಾಗಿವೆ. ಅವನ್ನು ನೆಲದಡಿಗೆ ಇಳಿಸುವುದೋ, ಸುತ್ತು ಹಾಕಿಸುವುದೋ ಎಂಬ ಚರ್ಚೆಯಲ್ಲಿ ವರ್ಷಗಳೇ ಕಳೆದವು. ಈ ಚರ್ಚೆಯಲ್ಲಿ ಅಕ್ಕಪಕ್ಕದ ಹೊಲಗಳೂ ಸೇರಿವೆ; ಹೊಲದವರು ಸೇರಿರುವುದು ಕಡಿಮೆ.

ನಮ್ಮ ಬಡಾವಣೆಯ ಸಂಘದಲ್ಲಿ ಒಂದು ಸಂಜೆ ಈ ವಿಷಯ ಎದ್ದಿತು. ದೇವನಹಳ್ಳಿಗೆ ಹೋಗಬೇಕಾದರೆ ಬೆಂಗಳೂರನ್ನು ಪೂರ್ತಿ ಈಜಿ ದಾಟಬೇಕು. ಆದ್ದರಿಂದ ನಮ್ಮಲ್ಲೇ ದೊಡ್ಡ ವಿಮಾನ ಇಳಿಯಬೇಕು ಎಂದು ಎಲ್ಲರೂ ಕೈ ಎತ್ತಿದರು. ಸದ್ದಿನ ಮಾತು ಬಂದೊಡನೆ ಅದೇ ಕೈಗಳು ಕೆಳಗಿಳಿದವು. ವಿಮಾನ ಬರಲಿ, ನಮ್ಮ ತಾರಸಿಯ ಮೇಲೆ ಬೇಡ! ಮನೆಯ ಎತ್ತರಕ್ಕೂ ಮಿತಿಯಿದೆ, ವಲಯದ ಬಣ್ಣ ನೋಡಿ ಅನುಮತಿ ಪಡೆಯಬೇಕು ಎಂದೊಬ್ಬರು ತಿಳಿಸಿದಾಗ ಮೂರನೆಯ ಅಂತಸ್ತಿನ ಆಸೆಯಿದ್ದವರ ಮುಖ ಬಾಡಿತು. ಕೇಳದೆ ಎತ್ತರಕ್ಕೆ ನಿಂತದ್ದು ಚಾಮುಂಡಿ ಬೆಟ್ಟ ಒಂದೇ. ಕಸದ ರಾಶಿಗೆ ಹದ್ದು ಬರುತ್ತದೆ, ಹದ್ದು ವಿಮಾನದ ಯಂತ್ರಕ್ಕೆ ಬೀಳುತ್ತದೆ, ಆದ್ದರಿಂದ ನಿಲ್ದಾಣದ ಸುತ್ತ ಕಸ ಸುರಿಯಬಾರದು ಎಂಬ ನಿಯಮವನ್ನು ಮಾತ್ರ ಸರ್ವಾನುಮತದಿಂದ ಮೆಚ್ಚಿದೆವು. ಪಾಲಿಸುವವರು ಬೇರೆಯವರಲ್ಲವೆ?

ನಮ್ಮದು ಹರಟೆ. ಅದು ಹರಟೆಯಲ್ಲದವರನ್ನು ನಾನು ಬಲ್ಲೆ. ನಮ್ಮ ಮನೆಗೆ ಹಾಲು ತರುವವರಿಗೆ ಆ ಕಡೆ ಎರಡು ಎಕರೆ ನೆಲವಿದೆ. ಅದು ಗೆರೆಯೊಳಗೋ ಹೊರಗೋ ಎಂದು ಅವರಿಗೆ ಗೊತ್ತಿಲ್ಲ. ಒಬ್ಬರು ಒಳಗೆ ಎನ್ನುತ್ತಾರೆ, ಇನ್ನೊಬ್ಬರು ಹೊರಗೆ ಎನ್ನುತ್ತಾರೆ. "ತಗೊಳೋದಾದ್ರೆ ತಗೊಂಬುಡ್ಲಿ ಸ್ವಾಮಿ, ಇಲ್ಲಾಂದ್ರೆ ಬುಟ್ಬುಡ್ಲಿ. ಬೋರು ಹಾಕ್ಸದೋ ಬ್ಯಾಡ್ವೋ ಅಂತ ಎಂಟು ವರ್ಷದಿಂದ ಕುಂತಿವ್ನಿ" ಎಂದರು ಒಂದು ಬೆಳಿಗ್ಗೆ, ಹಾಲು ಅಳೆಯುತ್ತ. ಕೊಳ್ಳುವವರು ಬಂದು, ಸಂಶಯ ಕೇಳಿ, ತಿರುಗಿ ಹೋಗುತ್ತಾರಂತೆ. ಮಗಳ ಮದುವೆಗೆ ಬೇರೆ ಕಡೆ ಸಾಲ ಮಾಡಿದ್ದಾರೆ. ನೆಲ ಹೋಗಿಲ್ಲ, ಆದರೆ ಅವರ ಕೈಯಲ್ಲಿಯೂ ಇಲ್ಲ.

2013ರ ಭೂಸ್ವಾಧೀನ ಕಾಯಿದೆ ಈ ಸಂಕಟವನ್ನು ಅರ್ಧ ಅರಿತಂತಿದೆ. ಸ್ವಾಧೀನದ ಘೋಷಣೆಯಾದ ಹನ್ನೆರಡು ತಿಂಗಳೊಳಗೆ ಐತೀರ್ಪು ಆಗದಿದ್ದರೆ, ಸರಕಾರ ಅವಧಿ ಬೆಳೆಸದ ಹೊರತು, ನಡವಳಿಯೇ ಬಿದ್ದುಹೋಗುತ್ತದೆ. ಒಳ್ಳೆಯದು. ಆದರೆ ಘೋಷಣೆಗೂ ಮುಂಚಿನ ಗುಸುಗುಸುವಿಗೆ, ನಕಾಶೆಯ ಪೆನ್ಸಿಲ್ ಗೆರೆಗೆ, ಮಂತ್ರಿಗಳ ಭಾಷಣಕ್ಕೆ ಯಾವ ಅವಧಿಯೂ ಇಲ್ಲ. ಹಾಲಿನವರ ಎಂಟು ವರ್ಷ ಕಳೆದದ್ದು ಅಲ್ಲಿಯೇ. ಅದಕ್ಕೆ ಪರಿಹಾರದ ಲೆಕ್ಕವೂ ಇಲ್ಲ.

ಯೋಜನೆಯೇ ಬೇಡವೆನ್ನುವಷ್ಟು ದಡ್ಡನಲ್ಲ ನಾನು. ಬೆಂಗಳೂರಿನ ಹಳೆಯ ನಿಲ್ದಾಣ ಊರ ಹೊರಗಿತ್ತು. ಊರು ಬೆಳೆದು ಅದನ್ನು ನುಂಗಿತು. ಕಡೆಗೆ 2008ರಲ್ಲಿ ಪ್ರಯಾಣಿಕರ ವಿಮಾನಗಳೆಲ್ಲ ದೇವನಹಳ್ಳಿಗೆ ಹೋದವು. ಅಲ್ಲಿ ಎರಡನೆಯ ಪಥಕ್ಕೆ ಮೊದಲೇ ಜಾಗ ಇಟ್ಟುಕೊಂಡಿದ್ದರಿಂದ 2019ರಲ್ಲಿ ಅದನ್ನು ತೆರೆಯಲು ಸಾಧ್ಯವಾಯಿತು. ಹೊಸ ನಿಲ್ದಾಣದ ಒಪ್ಪಂದದಲ್ಲಿ ಇಪ್ಪತ್ತೈದು ವರ್ಷ ನೂರೈವತ್ತು ಕಿಲೋಮೀಟರಿನೊಳಗೆ ಪೈಪೋಟಿಯ ನಿಲ್ದಾಣ ಕೂಡದೆಂದು ಬರೆದಾಗಲೂ ಮೈಸೂರು, ಹಾಸನಗಳನ್ನು ಬಿಟ್ಟುಕೊಟ್ಟರು. ಅಷ್ಟು ದೂರ ಯೋಚಿಸಬಲ್ಲವರು ಹತ್ತಿರಕ್ಕೂ ಒಂದಿಷ್ಟು ಯೋಚಿಸಲಾರರೆ?

ನನ್ನ ಬೇಡಿಕೆ ದೊಡ್ಡದಲ್ಲ. ನಕಾಶೆಯನ್ನು ಕನ್ನಡದಲ್ಲಿ, ಸರ್ವೆ ನಂಬರುಗಳೊಡನೆ, ಪಂಚಾಯಿತಿಯ ಗೋಡೆಗೆ ಅಂಟಿಸಲಿ. ಪ್ರತಿಯೊಂದು ಗೆರೆಯ ಪಕ್ಕದಲ್ಲಿ ಒಂದು ತಾರೀಖು ಬರೆಯಲಿ: ಇಂಥ ದಿನದೊಳಗೆ ಕೊಳ್ಳುತ್ತೇವೆ, ಇಲ್ಲವಾದರೆ ಬಿಟ್ಟಿದ್ದೇವೆ ಎಂದು. ನಮ್ಮ ಬಡಾವಣೆಯವರು ಸದ್ದನ್ನೂ ಎತ್ತರದ ಮಿತಿಯನ್ನೂ ಗೊಣಗುತ್ತಲೇ ಒಪ್ಪಿಕೊಳ್ಳುತ್ತಾರೆ; ಎರಡು ಎಕರೆಯವರು ಆ ತಾರೀಖು ನೋಡಿ, ಬೋರು ಹಾಕಿಸುವುದೋ ಬೇಡವೋ ಎಂದು ತಾವೇ ತೀರ್ಮಾನಿಸುತ್ತಾರೆ.