ಮಿಲ್ವಾಕಿಯಲ್ಲಿ ಎರಡನೆಯ ಚೆಂಡು

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ವಿಸ್ಕಾನ್ಸಿನ್ ಎಂಬುದೊಂದು. ಅದರ ಅತ್ಯಂತ ದೊಡ್ಡ ಪಟ್ಟಣವಾದ ಮಿಲ್ವಾಕಿಯು ಮಿಶಿಗನ್ ಸರೋವರದ ಪಶ್ಚಿಮ ತೀರದಲ್ಲಿ, ಷಿಕಾಗೋ ನಗರಕ್ಕೆ ಉತ್ತರವಾಗಿ ಸುಮಾರು ೯೦ ಮೈಲಿ ದೂರದಲ್ಲಿದೆ. ಸರೋವರವೆಂದೊಡನೆ ವಾಚಕರು ನಮ್ಮ ಊರ ಕೆರೆಗಳನ್ನು ನೆನೆಯಬಾರದು. ಎದುರು ದಡವು ಕಣ್ಣಿಗೆ ಬೀಳದ ಸಿಹಿನೀರಿನ ಕಡಲು ಅದು. ಚಳಿಗಾಲ ಬಂದಿತೆಂದರೆ ಆ ಕಡಲಿನ ಮೇಲಣ ಗಾಳಿಯು ಮೂಳೆಯನ್ನು ಹೊಕ್ಕು ನೋಡುವುದು. ಬೀದಿಗಳು ಹಿಮದಿಂದ ಮುಚ್ಚಿಹೋಗಿ, ಸಂಜೆ ಐದು ಗಂಟೆಗೆಲ್ಲ ಕತ್ತಲೆ ಕವಿಯುವುದು. ಇಂಥ ಊರಿನಲ್ಲಿ ಜನರು ಮನೆಯೊಳಗೇ ಕುಳಿತು ಬೇಸರಪಡದೆ ತಿಂಗಳುಗಟ್ಟಲೆ ಕಾಲ ಕಳೆಯುವುದು ಹೇಗೆ? ಮಗಳ ಮನೆಯಲ್ಲಿ ಮೂರು ತಿಂಗಳು ಇದ್ದು ಬರಲು ಹೋದ ನಮಗೆ, ಈ ಪ್ರಶ್ನೆಗೆ ಉತ್ತರವು ಬೌಲಿಂಗ್ ಎಂಬ ಚೆಂಡಾಟದ ಮನೆಗಳಲ್ಲಿ ದೊರೆಯಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯಿಂದ ಸಾವಿರಾರು ಕುಟುಂಬಗಳು ಈ ಊರಿಗೆ ಬಂದು ನೆಲಸಿದುವು. ಅವರೊಡನೆ ಎರಡು ಸಂಗತಿಗಳು ಬಂದುವು: ಬಿಯರು ತಯಾರಿಸುವ ವಿದ್ಯೆ, ಮತ್ತು ಒಂಬತ್ತು ಗೂಟಗಳನ್ನು ನಿಲ್ಲಿಸಿ ಚೆಂಡಿನಿಂದ ಉರುಳಿಸುವ ಆಟ. ಅಮೆರಿಕದಲ್ಲಿ ಗೂಟಗಳು ಹತ್ತಾದುವು. ೧೮೯೫ರಲ್ಲಿ ನ್ಯೂಯಾರ್ಕಿನಲ್ಲಿ ಅಮೆರಿಕನ್ ಬೌಲಿಂಗ್ ಕಾಂಗ್ರೆಸ್ ಎಂಬ ಸಂಸ್ಥೆಯು ಹುಟ್ಟಿ, ಅಳತೆ ತೂಕಗಳನ್ನೂ ಅಂಕಗಳ ಲೆಕ್ಕವನ್ನೂ ದೇಶಕ್ಕೆಲ್ಲ ಒಂದಾಗಿ ಮಾಡಿತು. ಈ ಸಂಸ್ಥೆಯ ಕಚೇರಿಯು ಬಹುಕಾಲ ಮಿಲ್ವಾಕಿಯ ಆಸುಪಾಸಿನಲ್ಲಿಯೇ ಇದ್ದು, ೨೦೦೫ರಲ್ಲಿ ಬೇರೆ ಸಂಸ್ಥೆಗಳೊಡನೆ ಕೂಡಿಹೋಗಿ, ೨೦೦೮ರಲ್ಲಿ ಟೆಕ್ಸಾಸಿನ ಆರ್ಲಿಂಗ್ಟನ್ನಿಗೆ ಸ್ಥಳ ಬದಲಿಸಿತು. ಇದರ ಚರಿತ್ರೆಯಲ್ಲಿ ಕೀರ್ತಿಯಷ್ಟೇ ಕಳಂಕವೂ ಉಂಟು: ೧೯೫೦ರವರೆಗೆ ಬಿಳಿಯ ಬಣ್ಣದವರಲ್ಲದೆ ಬೇರೆಯವರಿಗೆ ಅದರಲ್ಲಿ ಸದಸ್ಯತ್ವವಿರಲಿಲ್ಲ. ಇಂದು ಆ ಚೆಂಡಿನ ಮನೆಗಳಲ್ಲಿ ನಮ್ಮ ಮಗಳಂಥವರೂ ಸೇರಿ ಎಲ್ಲ ಬಣ್ಣದವರೂ ಕೂಡಿ ಆಡುತ್ತಿರುವರು.

ಊರಿನ ದಕ್ಷಿಣ ಭಾಗದ ಲಿಂಕನ್ ಬೀದಿಯಲ್ಲಿ ಹಾಲರ್ ಹೌಸ್ ಎಂಬ ಪಾನಗೃಹವನ್ನು ನಾವು ನೋಡಲು ಹೋದೆವು. ೧೯೦೮ರಿಂದ ಅದರ ನೆಲಮಾಳಿಗೆಯಲ್ಲಿ ಎರಡೇ ಎರಡು ಮರದ ಹಾಸುಗಳಿವೆ. ಬೇರೆಡೆಗಳಲ್ಲಿ ೧೯೫೨ರಿಂದೀಚೆಗೆ ಗೂಟಗಳನ್ನು ನಿಲ್ಲಿಸುವ ಯಂತ್ರಗಳು ಬಂದುವು. ಇಲ್ಲಿಯಾದರೋ ನಾವು ಹೋದಾಗಲೂ ಹುಡುಗನೊಬ್ಬನು ಹಾಸಿನ ಕೊನೆಯಲ್ಲಿ ಕುಳಿತು, ಬಿದ್ದ ಗೂಟಗಳನ್ನು ಕೈಯಿಂದಲೇ ಎತ್ತಿ ನಿಲ್ಲಿಸಿ, ಚೆಂಡನ್ನು ಹಿಂದಕ್ಕೆ ಉರುಳಿಸುತ್ತಿದ್ದನು. ಒಂದು ಚೆಂಡಿಗೆ ಎಲ್ಲ ಗೂಟಗಳೂ ಬಿದ್ದಾಗ ಮಾಳಿಗೆಯೆಲ್ಲ ಗುಡುಗಿದಂತಾಗುವುದು. ಆದರೆ ಒಂದೇ ಗೂಟವು ಉಳಿದು ನಿಂತಾಗ ಉಂಟಾಗುವ ಮೌನವೇ ನಮ್ಮ ಮನಸ್ಸನ್ನು ಹೆಚ್ಚಾಗಿ ಸೆಳೆಯಿತು. ಆ ಮೌನದ ಅರ್ಥವನ್ನು ತಿಳಿಯಲು ಆಟದ ಲೆಕ್ಕವನ್ನು ಸ್ವಲ್ಪ ಅರಿತಿರಬೇಕು.

ಆಟಗಾರನು ನಿಲ್ಲುವ ಗೆರೆಯಿಂದ ಮುಂಚೂಣಿಯ ಗೂಟಕ್ಕೆ ೬೦ ಅಡಿ. ಹಾಸಿನ ಅಗಲವು ಸುಮಾರು ೪೧½ ಅಂಗುಲ. ಅದು ೩೯ ಕಿರುಹಲಗೆಗಳಾಗಿ ವಿಭಾಗವಾಗಿರುವುದು. ಎರಡು ಬದಿಗೂ ಕಾಲುವೆಗಳುಂಟು; ಅದರೊಳಗೆ ಬಿದ್ದ ಚೆಂಡು ವ್ಯರ್ಥ. ಪಿನ್ ಎಂದು ಕರೆಯುವ ಹತ್ತು ಗೂಟಗಳು, ಒಂದೊಂದೂ ೧೫ ಅಂಗುಲ ಎತ್ತರವಾಗಿ, ಒಂದು ಅಡಿ ಅಂತರದಲ್ಲಿ ತ್ರಿಕೋಣವಾಗಿ ನಿಂತಿರುವುವು: ಮುಂದೆ ಒಂದು, ಹಿಂದಿನ ಸಾಲಿನಲ್ಲಿ ನಾಲ್ಕು. ಆಟಕ್ಕೆ ಹತ್ತು ಸರದಿ. ಸರದಿಗೆ ಎರಡು ಚೆಂಡು. ಮೊದಲ ಚೆಂಡಿಗೇ ಹತ್ತೂ ಬಿದ್ದರೆ ಅದು ಸ್ಟ್ರೈಕ್. ಹತ್ತರ ಮೇಲೆ ಮುಂದಿನ ಎರಡು ಚೆಂಡುಗಳ ಅಂಕಗಳೂ ಕೂಡುವುವು. ಉಳಿದುವನ್ನು ಎರಡನೆಯ ಚೆಂಡು ಕೆಡವಿದರೆ ಅದು ಸ್ಪೇರ್. ಆಗ ಮುಂದಿನ ಒಂದು ಚೆಂಡಿನ ಅಂಕವು ಕೂಡುವುದು. ಹನ್ನೆರಡು ಸ್ಟ್ರೈಕುಗಳನ್ನು ಒಂದೇ ಸಮನೆ ಹೊಡೆದವನಿಗೆ ೩೦೦. ಅದಕ್ಕಿಂತ ಮೇಲೆ ಇಲ್ಲ.

ಈಗ ಒಂದು ಲೆಕ್ಕವನ್ನು ನೋಡೋಣ. ಒಬ್ಬನು ಪ್ರತಿ ಸರದಿಯಲ್ಲಿಯೂ ಮೊದಲ ಚೆಂಡಿಗೆ ಒಂಬತ್ತು ಪಿನ್ನುಗಳನ್ನು ಕೆಡವಿ, ಉಳಿದೊಂದನ್ನು ತಪ್ಪಿಸಿಕೊಂಡನೆನ್ನಿ: ಅವನಿಗೆ ಒಟ್ಟು ೯೦. ಮತ್ತೊಬ್ಬನೂ ಹಾಗೆಯೇ ಒಂಬತ್ತನ್ನೇ ಕೆಡವಿ, ಆದರೆ ಆ ಒಂದನ್ನು ಪ್ರತಿ ಸಲವೂ ಎರಡನೆಯ ಚೆಂಡಿನಿಂದ ತೆಗೆದನೆನ್ನಿ: ಅವನಿಗೆ ೧೯೦. ಮೊದಲ ಚೆಂಡಿನಲ್ಲಿ ಇಬ್ಬರೂ ಸಮಾನರು. ಹತ್ತು ಒಂಟಿ ಪಿನ್ನುಗಳ ಬೆಲೆ ನೂರು ಅಂಕ! ಸ್ಟ್ರೈಕು ಚಪ್ಪಾಳೆಯನ್ನು ತರುವುದು. ಆಟವನ್ನು ಕಾಯುವುದು ಸ್ಪೇರು. ಆ ಊರಿನ ಹಳೆಯ ಆಟಗಾರರೆಲ್ಲರೂ ಒಪ್ಪುವ ಮಾತಿದು. ಹೊಸಬರೆಲ್ಲರೂ ಮರೆಯುವ ಮಾತೂ ಇದೇ.

ಇದನ್ನು ನಮಗೆ ತೋರಿಸಿಕೊಟ್ಟವರು ಮಗಳ ನೆರೆಮನೆಯ ಹಿರಿಯರು. ಎಪ್ಪತ್ತು ದಾಟಿದ ಅವರು ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿದ್ದು ವಿಶ್ರಾಂತಿ ಪಡೆದವರು. ನಮ್ಮ ಮೊಮ್ಮಗನು ಅವರನ್ನು ತಾಯಿ ಕಲಿಸಿದಂತೆ "ಅಜ್ಜಿ" ಎಂದೇ ಕರೆಯುವನು. ಆ ಶಬ್ದವು ಅವರಿಗೆ ಬಲು ಪ್ರಿಯ. ಶರತ್ಕಾಲದಿಂದ ವಸಂತದವರೆಗೆ ವಾರಕ್ಕೊಂದು ಸಂಜೆ ನಾಲ್ವರು ಮಹಿಳೆಯರ ತಂಡದಲ್ಲಿ ಅವರು ಆಡುತ್ತಿದ್ದರು. ಆ ವರ್ಷ ಬಲ ಮಣಿಕಟ್ಟಿನಲ್ಲಿ ನೋವು ಹುಟ್ಟಿ, ಭಾರದ ಚೆಂಡನ್ನು ತಿರುಚಿ ಎಸೆಯಬಾರದೆಂದು ವೈದ್ಯರು ವಿಧಿಸಿದ್ದರು. ಯಜಮಾನರು ತೀರಿಕೊಂಡು, ಮಕ್ಕಳು ದೂರ ದೂರದಲ್ಲಿ ನೆಲಸಿದ್ದ ಆ ಹಿರಿಯರಿಗೆ ವಾರದ ಆ ಒಂದು ಸಂಜೆಯು ಬರಿಯ ಆಟವಾಗಿರಲಿಲ್ಲ. ತಂಡಕ್ಕೆ ಭಾರವಾಗುವೆನಾದರೆ ತಾವಾಗಿಯೇ ಬಿಡುವುದೆಂದು ಅವರು ನಿಶ್ಚಯಿಸಿದ್ದರು.

ಅವರು ಹೊಸ ಚೆಂಡನ್ನು ಕೊಳ್ಳುವ ದಿನ ನಾವೂ ಜೊತೆಯಲ್ಲಿ ಹೋದೆವು. ಆಟದ ಮನೆಯ ಮಗ್ಗುಲಲ್ಲಿಯೇ ಚೆಂಡಿಗೆ ತೂತು ಕೊರೆದು ಕೊಡುವ ಅಂಗಡಿಯಿದೆ. ಚೆಂಡುಗಳೆಲ್ಲ ಸುಮಾರು ೮½ ಅಂಗುಲ ವ್ಯಾಸದವು. ತೂಕವು ಮಾತ್ರ ಬೇರೆ ಬೇರೆ. ೧೬ ಪೌಂಡಿಗೆ ಮೀರಬಾರದೆಂದು ನಿಯಮ. ಹಿಂದೆ ಇವನ್ನು ಗಟ್ಟಿಮರದಿಂದ ಕಡೆಯುತ್ತಿದ್ದರು; ೧೯೦೫ರ ಸುಮಾರಿಗೆ ರಬ್ಬರಿನವು ಬಂದುವು; ತರುವಾಯ ಪ್ಲಾಸ್ಟಿಕ್ಕಿನವು; ೧೯೯೦ರ ದಶಕದ ಆದಿಯಲ್ಲಿ ರಿಯಾಕ್ಟಿವ್ ರೆಸಿನ್ ಎಂಬ ಹೊಸ ಬಗೆಯ ರಾಳದವು ಬಂದು ಆಟದ ರೀತಿಯನ್ನೇ ಬದಲಿಸಿದುವು. ಮೊಮ್ಮಗನ ಕಣ್ಣು ಬಣ್ಣಬಣ್ಣದ ಸುಳಿಗಳುಳ್ಳ ಆ ರಾಳದ ಚೆಂಡುಗಳ ಮೇಲೆಯೇ ನೆಟ್ಟಿತ್ತು. ಅಂಗಡಿಯಾತನು ನಕ್ಕು, "ಅದು ಮೊದಲ ಚೆಂಡು, ಮಗು, ಅಜ್ಜಿಗೆ ಬೇಕಾದುದು ಎರಡನೆಯದು" ಎಂದು ಹೇಳಿ, ಮೂಲೆಯಿಂದ ನುಣುಪಾದ ಪ್ಲಾಸ್ಟಿಕ್ಕಿನ ಚೆಂಡೊಂದನ್ನು ತೆಗೆದನು. ಅಲ್ಲಿದ್ದವುಗಳಲ್ಲೆಲ್ಲ ಅದೇ ಅಗ್ಗದ್ದು.

ಭೇದವೇನೆಂದರೆ, ಹಾಸಿನ ಮೇಲೆ ಎಣ್ಣೆ ಬಳಿದಿರುವುದು. ಸಾಮಾನ್ಯವಾಗಿ ಮೊದಲ ೪೦ ಅಡಿಯಷ್ಟು ಎಣ್ಣೆ, ಕೊನೆಯ ೨೦ ಅಡಿಯಷ್ಟು ಒಣ ಹಾಸು. ಎಣ್ಣೆಯಾದರೂ ನಡುವೆ ದಟ್ಟ, ಅಂಚುಗಳಲ್ಲಿ ತೆಳು. ರಾಳದ ಚೆಂಡಿನ ಮೈಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿದ್ದು, ಅದು ಒಣ ಹಾಸನ್ನು ತಲಪಿದೊಡನೆ ರಬ್ಬರಿನ ಅಟ್ಟೆಯ ಮೆಟ್ಟಿನಂತೆ ನೆಲವನ್ನು ಹಿಡಿದು ಒಂದು ಬದಿಗೆ ಬಾಗುವುದು. ಹತ್ತು ಪಿನ್ನುಗಳ ನಡುವೆ ಓರೆಯಾಗಿ ನುಗ್ಗುವುದಕ್ಕೆ ಈ ಬಾಗು ಬೇಕು. ಒಂಟಿ ಪಿನ್ನಿಗೆ ಅದೇ ಶತ್ರು. ಎಷ್ಟು ಬಾಗುವುದೆಂಬುದು ಎಣ್ಣೆಯನ್ನು ಅವಲಂಬಿಸಿರುವುದು. ಆಟ ಸಾಗಿದಂತೆ ಚೆಂಡುಗಳು ಎಣ್ಣೆಯನ್ನು ಹೊತ್ತೊಯ್ಯುವುದರಿಂದ ಮೊದಲ ಸರದಿಯ ಬಾಗು ಬೇರೆ, ಹತ್ತನೆಯ ಸರದಿಯದು ಬೇರೆ. ಪ್ಲಾಸ್ಟಿಕ್ಕಿನ ಚೆಂಡಾದರೋ ಸವೆದ ಚರ್ಮದ ಅಟ್ಟೆಯಂತೆ ಎಲ್ಲಿಯೂ ಹೆಚ್ಚಾಗಿ ಹಿಡಿಯದೆ ಬಿಟ್ಟ ದಾರಿಯಲ್ಲಿ ನೇರವಾಗಿ ಹೋಗುವುದು. ಎಣ್ಣೆ ಇದ್ದರೂ ಇಲ್ಲದಿದ್ದರೂ ಅದು ಒಂದೇ ನಡೆಯದು.

ತೂಕದ ವಿಷಯದಲ್ಲಿಯೂ ಅಂಗಡಿಯಾತನ ಮಾತು ವಿವೇಕವುಳ್ಳದ್ದಾಗಿತ್ತು. ಎರಡನೆಯ ಚೆಂಡು ಮೊದಲನೆಯದರಷ್ಟೇ ತೂಕವಿರಬಹುದು, ಇಲ್ಲವೆ ಒಂದು ಪೌಂಡು ಕಡಮೆಯಿರಬಹುದು. ಬಹಳ ಅಂತರವಿದ್ದರೆ ಕೈ ಬೀಸುವ ಲಯ ಕೆಡುವುದು. ಒಂಟಿ ಪಿನ್ನು ಬೀಳುವುದಕ್ಕೆ ಚೆಂಡು ಮುಟ್ಟಿದರೆ ಸಾಕು, ಭಾರವೇನೂ ಬೇಡ. ಆತನು ಹೆಬ್ಬೆರಳನ್ನೂ ನಡುವಣ ಎರಡು ಬೆರಳುಗಳನ್ನೂ ಅಂಗೈಯ ಚಾಚನ್ನೂ ಅಳೆದು ೧೦ ಪೌಂಡಿನ ಚೆಂಡಿಗೆ ತೂತು ಕೊರೆದನು. ಹೆಬ್ಬೆರಳು ಸಡಿಲವಾದರೆ ಚೆಂಡನ್ನು ಹಿಂಡಿ ಹಿಡಿಯಬೇಕಾಗುವುದು. ಬಿಗಿಯಾದರೆ ಬಿಡುವಾಗ ಸಿಕ್ಕಿಕೊಳ್ಳುವುದು. ಮಣಿಕಟ್ಟಿನ ನೋವಿಗೆ ಎರಡೂ ಕಾರಣಗಳೇ. ಆ ಹಿರಿಯರು ಮೊದಲ ಚೆಂಡಿಗೂ ಎರಡನೆಯದಕ್ಕೂ ಇದೊಂದನ್ನೇ ಬಳಸುವೆನೆಂದರು.

ಉಪಾಧ್ಯಾಯಿನಿಯಲ್ಲವೆ! ಮುಂದಿನ ವಾರಗಳಲ್ಲಿ ಅಭ್ಯಾಸ ಮಾಡುವಾಗಲೆಲ್ಲ ಹುಡುಗನಿಗೆ ಪಾಠವೂ ನಡೆಯಿತು. ಬಲಗೈಯವರಿಗೆ ಅತಿ ಕಠಿಣವಾದುದು ಬಲ ಮೂಲೆಯ ಹತ್ತನೆಯ ಪಿನ್ನು. ಅದರ ನಡುವಿನಿಂದ ಕಾಲುವೆಗೆ ಮೂರು ಅಂಗುಲವೂ ಇಲ್ಲ. ನಡುಹಾಸಿನ ಪಿನ್ನನ್ನು ಚೆಂಡು ಸುಮಾರು ೧೩ ಅಂಗುಲ ಅಗಲದೊಳಗೆ ಎಲ್ಲಿ ಬಂದರೂ ಮುಟ್ಟುವುದು. ಮೂಲೆಯ ಪಿನ್ನಿಗೆ ಆ ಅವಕಾಶ ೯ ಅಂಗುಲಕ್ಕೆ ಇಳಿಯುವುದು. ಬಲ ಅಂಚಿನಿಂದ ನೇರವಾಗಿ ಎಸೆದರೆ ಉದ್ದಕ್ಕೂ ಕಾಲುವೆಯ ಭಯ. ಆದ್ದರಿಂದ ಎಡಬದಿಗೆ ಸರಿದು ನಿಂತು, ಭುಜಗಳನ್ನು ಆ ಪಿನ್ನಿಗೆ ಅಭಿಮುಖವಾಗಿ ತಿರುಗಿಸಿ, ಹಾಸನ್ನು ಕರ್ಣರೇಖೆಯಲ್ಲಿ ದಾಟುವಂತೆ ಚೆಂಡನ್ನು ಬಿಡತಕ್ಕದ್ದು. ಹಾಗೆ ಹೋದ ಚೆಂಡು ಎಣ್ಣೆ ದಟ್ಟವಾಗಿರುವ ನಡುಭಾಗವನ್ನೇ ಹಾಯುವುದರಿಂದ ಬಾಗುವ ಅಂಜಿಕೆಯೂ ಕಡಮೆ. ಎಡ ಮೂಲೆಯ ಏಳನೆಯ ಪಿನ್ನಿಗೆ ಇದರ ವಿಪರ್ಯಾಯ: ಬಲಕ್ಕೆ ನಿಂತು ಎಡಕ್ಕೆ ದಾಟಿಸುವುದು. ಕಾಲು ಎತ್ತ ಸರಿಯಿತೋ ಅದಕ್ಕೆ ಎದುರು ದಿಕ್ಕಿಗೆ ಚೆಂಡು ಹೋಗುವುದೆಂಬುದೇ ಇಲ್ಲಿಯ ಸೂತ್ರ.

"ಪಿನ್ನನ್ನು ನೋಡಬೇಡ, ಬಾಣವನ್ನು ನೋಡು" ಎಂಬುದು ಅವರ ಎರಡನೆಯ ಪಾಠ. ಗೆರೆಯಿಂದ ಸುಮಾರು ೧೫ ಅಡಿ ದೂರದಲ್ಲಿ ಹಾಸಿನ ಮೇಲೆ ಏಳು ಬಾಣದ ಗುರುತುಗಳಿವೆ. ಅಲ್ಲಿ ಒಂದು ಅಂಗುಲ ತಪ್ಪಿದರೆ ಪಿನ್ನುಗಳ ಬಳಿ ನಾಲ್ಕು ಅಂಗುಲ ತಪ್ಪುವುದು. ಮೂಲೆಯ ಪಿನ್ನಿಗೆ ಬಾಣಗಳ ಬಳಿ ನಮಗಿರುವ ದಾರಿಯು ಎರಡು ಕಿರುಹಲಗೆಗಳ ಅಗಲ ಮಾತ್ರ. ಅದನ್ನು ಹತ್ತಿರದಲ್ಲಿಯೇ ನೋಡಿಕೊಳ್ಳುವುದು ಸುಲಭವಲ್ಲವೆ? ಮೂರನೆಯ ಪಾಠವು ಕೈಯದು: ಅಂಗೈ ಚೆಂಡಿನ ಹಿಂದೆಯೇ ಇರಬೇಕು, ಮಣಿಕಟ್ಟು ತಿರುಗಬಾರದು, ಬಿಟ್ಟ ಕೈ ಗುರಿಯ ಕಡೆಗೇ ಏಳಬೇಕು. ವೈದ್ಯರು ನಿಷೇಧಿಸಿದ್ದ ತಿರುಚು ಇಲ್ಲಿ ಬೇಕಾಗಿಯೇ ಇರಲಿಲ್ಲ! ಹುಡುಗನು ಬಲವನ್ನೆಲ್ಲ ಹಾಕಿ ಎಸೆದಾಗಲೆಲ್ಲ, "ಗೂಟಕ್ಕೆ ಸಿಟ್ಟು ತೋರಿಸಿದರೆ ಬೀಳುವುದಿಲ್ಲ" ಎನ್ನುವರು.

ಇಷ್ಟೆಲ್ಲ ನೇರವಾದ ಚೆಂಡಿಗೂ ಮಿತಿಯುಂಟೆಂಬುದನ್ನು ಅವರು ಮರೆಸಲಿಲ್ಲ. ಒಂದರ ಹಿಂದೆ ಒಂದು ಮರೆಯಾಗಿ ನಿಂತ ಜೋಡಿ ಪಿನ್ನುಗಳಿಗೆ ಹಗುರವಾದ ಚೆಂಡು ಮುಂದಿನದಕ್ಕೆ ತಾಗಿ ಪಕ್ಕಕ್ಕೆ ಸಿಡಿದು ಹಿಂದಿನದನ್ನು ಬಿಟ್ಟುಬಿಡಬಹುದು. ಅಲ್ಲಿ ಬಾಗುವ ರಾಳದ ಚೆಂಡನ್ನೇ ಬಳಸುವವರು ಬಹಳ ಮಂದಿ.

ನಾವು ಹೊರಡುವುದಕ್ಕೆ ಮುಂಚಿನ ವಾರ ಆ ತಂಡದ ಕೊನೆಯ ಪಂದ್ಯ ನಡೆಯಿತು. ಆ ಸಂಜೆ ಅವರು ಹೊಡೆದ ಸ್ಟ್ರೈಕು ಒಂದೇ ಒಂದು. ಆದರೆ ಒಂದೊಂದಾಗಿ ಉಳಿದ ಪಿನ್ನುಗಳು ಸದ್ದಿಲ್ಲದೆ ಬೀಳುತ್ತ ಬಂದುವು. ಹತ್ತನೆಯ ಸರದಿಯಲ್ಲಿ ಬಲ ಮೂಲೆಯ ಪಿನ್ನೇ ನಿಂತಿತು. ಅವರು ಅವಸರಪಡದೆ ಎಡಕ್ಕೆ ಸರಿದರು. ನಡುವಣ ಬಾಣದ ಮೇಲೆ ಹಾದುಹೋದ ಚೆಂಡು, ಇನ್ನೇನು ಕಾಲುವೆಗೆ ಬಿತ್ತೆನ್ನುವಷ್ಟರಲ್ಲಿ ಪಿನ್ನನ್ನು ತಾಗಿತು. ಹೆಚ್ಚಿನ ಚೆಂಡಿಗೆ ಎಂಟು ಬಿದ್ದುವು. ಹೀಗೆ ಆ ಸರದಿಗೆ ಒಂಬತ್ತರ ಬದಲು ಹದಿನೆಂಟು ಅಂಕ. ತಂಡವು ಗೆದ್ದುದು ಐದು ಅಂಕಗಳಿಂದ. ಗೆಳತಿಯರು ಮುಂದಿನ ವರ್ಷದ ಪಟ್ಟಿಯಲ್ಲಿ ಅವರ ಹೆಸರನ್ನು ಅಲ್ಲಿಯೇ ಬರೆಸಿದರು. ಅವರು ಬೇಡವೆನ್ನಲಿಲ್ಲ.

ಬೆಂಗಳೂರಿನಲ್ಲಿಯೂ ಈಗ ದೊಡ್ಡ ಮಳಿಗೆಗಳಲ್ಲಿ ಬೌಲಿಂಗ್ ಹಾಸುಗಳಿವೆ. ರಜೆಯ ದಿನಗಳಲ್ಲಿ ಮಕ್ಕಳು ತಂದೆತಾಯಿಗಳನ್ನು ಎಳೆದುಕೊಂಡು ಹೋಗುವುದುಂಟು. ಅಂಥ ವಾಚಕರಿಗೆ ಒಂದು ಸಂತೋಷದ ಸುದ್ದಿ: ಆಟದ ಮನೆಯವರು ಎಲ್ಲರಿಗಾಗಿ ಸಾಲಾಗಿ ಇಟ್ಟಿರುವ ಚೆಂಡುಗಳು ಸಾಮಾನ್ಯವಾಗಿ ಈ ನೇರ ನಡೆಯ ಪ್ಲಾಸ್ಟಿಕ್ಕಿನವೇ. ಹೆಬ್ಬೆರಳು ಸಲೀಸಾಗಿ ಹೋಗಿ ಬರುವಂಥ, ಕೈ ಸೋಲದೆ ಬೀಸಬಲ್ಲಂಥ ಚೆಂಡನ್ನು ಆರಿಸಿಕೊಂಡು, ಮೂಲೆಯಲ್ಲಿ ಉಳಿದ ಪಿನ್ನಿಗೆ ಎದುರು ಬದಿಯಲ್ಲಿ ನಿಂತು, ಕಣ್ಣನ್ನು ಬಾಣದ ಮೇಲಿಟ್ಟು ಒಮ್ಮೆ ಬಿಟ್ಟುನೋಡಿರಿ. ಹತ್ತೂ ಬಿದ್ದಾಗಿನ ಗುಡುಗು ಅದಕ್ಕೆ ಇರದು. ಆದರೆ ಅಂಕಗಳ ಫಲಕವನ್ನು ನೋಡಿದರೆ ಅದರ ಬೆಲೆ ತಿಳಿಯುವುದು.