ನಮ್ಮ ಹೋಂ ಟೌನು

ಜೂನ್ ಕೊನೆಯ ವಾರ ಹಾಸನದಿಂದ ಹೊರಟು ಬೆಂಗಳೂರಿನಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದೆವು. ದೆಹಲಿಗೆ ಸುಮಾರು 2,400 ಕಿಲೋಮೀಟರು. ಜುಲೈ 1ಕ್ಕೆ ಶಾಲೆ. ಮಗಳಿಗೆ ಹನ್ನೆರಡನೆಯ ತರಗತಿ, ಶಾಲೆಯ ಕಡೆಯ ವರ್ಷ. ಅಜ್ಜಿ ಕೊಟ್ಟ ಚಟ್ನಿಪುಡಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, “ಅಪ್ಪಾ, ಮನೆಗೆ ಯಾವಾಗ ತಲುಪ್ತೀವಿ?” ಎಂದಳು. ನಾವು ಗಂಡಹೆಂಡಿರು ಮುಖ ಮುಖ ನೋಡಿಕೊಂಡೆವು. ಹೊರಟಿದ್ದೇ ಮನೆಯಿಂದಲ್ಲವೆ!

ಕೇಂದ್ರ ಸರ್ಕಾರದ ಸೇವಾ ಪುಸ್ತಕದಲ್ಲಿ ನಮ್ಮ ‘ಹೋಂ ಟೌನ್’ ಹಾಸನ. ಎರಡು ವರ್ಷಕ್ಕೊಮ್ಮೆ ಎಲ್.ಟಿ.ಸಿ.ಯೂ ಅಲ್ಲಿಗೇ. ಇಡೀ ಸೇವೆಯಲ್ಲಿ ಅದನ್ನು ಬದಲಿಸಲು ಒಂದೇ ಅವಕಾಶ. ಆ ಯೋಚನೆ ನಮಗೆಂದೂ ಬಂದಿಲ್ಲ.

ಮುಂದಿನ ವರ್ಷ ಅವಳನ್ನು ಬೆಂಗಳೂರಿನ ಕಾಲೇಜಿಗೆ ಸೇರಿಸಬೇಕೆಂದು ನಮ್ಮ ಆಸೆ. ಅದು ಅವಳಿಗೆ ಊರಿಗೆ ಮರಳುವುದಲ್ಲ, ಮನೆ ಬಿಟ್ಟು ಹೋಗುವುದು ಎಂದು ಆಗ ಹೊಳೆಯಿತು. ಅವಳನ್ನೇ ಕೇಳಿ ತೀರ್ಮಾನಿಸಬೇಕು.

“ನಾಡಿದ್ದು ಬೆಳಿಗ್ಗೆ ಮನೇಲಿರ್ತೀವಿ, ಮಗು” ಎಂದೆವು.