ಹೋಲಿಕೆ ಮತ್ತು ನಂಟು

ಮಸಾಲೆಯ ಡಬ್ಬಿಯಲ್ಲಿ ಚಕ್ಕೆ ಲವಂಗಗಳ ಜೊತೆಗೆ ಬೂದುಗಪ್ಪು ಬಣ್ಣದ ಒಣ ಚೂರುಗಳಿರುತ್ತವೆ. ಅದಕ್ಕೆ ಕಲ್ಲುಹೂವೆಂದು ಹೆಸರು. ಅದು ಹೂವಲ್ಲ, ಕಲ್ಲಿನ ಮೇಲಲ್ಲದೆ ಮರದ ತೊಗಟೆಯ ಮೇಲೂ ಬೆಳೆಯುತ್ತದೆ. ಕಣ್ಣಿಗೆ ತೋರಿದಂತೆ ಜನ ಇಟ್ಟ ಹೆಸರು ಅದು. ಅಡುಗೆಗೆ ಅಷ್ಟು ಸಾಕು, ವಿಜ್ಞಾನಕ್ಕೆ ಸಾಲದು.

ವಿಜ್ಞಾನಿಗಳು ಇಂಥವನ್ನು ಲೈಕನ್‌ಗಳೆನ್ನುತ್ತಾರೆ. ಪ್ರತಿಯೊಂದು ಲೈಕನ್ನೂ ಒಂದು ಸಸ್ಯವೆಂದೇ ಬಹುಕಾಲ ನಂಬಲಾಗಿತ್ತು. ಅದು ಒಂದು ಜೀವಿಯಲ್ಲ, ಶಿಲೀಂಧ್ರವೂ ಪಾಚಿಯೂ ಕೂಡಿ ಆದುದು ಎಂದು 1867ರಲ್ಲಿ ಸ್ವಿಟ್ಜರ್ಲೆಂಡಿನ ಸೈಮನ್ ಶ್ವೆಂಡೆನರನು ಸಾರಿದನು. ಲೈಕನ್‌ಗಳ ಅಧ್ಯಯನದಲ್ಲಿ ಅಂದು ಹೆಸರಾಂತ ವಿದ್ವಾಂಸನಾಗಿದ್ದ ವಿಲಿಯಂ ನೈಲಾಂಡರನು ಇದನ್ನು ಕಟುವಾಗಿ ವಿರೋಧಿಸಿದನು. 1899ರಲ್ಲಿ ತೀರಿಕೊಳ್ಳುವವರೆಗೂ ಅವನು ತನ್ನ ಪಟ್ಟನ್ನು ಸಡಿಲಿಸಲಿಲ್ಲ. ಅವನ ಪಾಂಡಿತ್ಯ ದೊಡ್ಡದು. ಆದರೆ ಸತ್ಯ ಶ್ವೆಂಡೆನರನ ಕಡೆಗಿತ್ತು.

ಇಂದು ಲೈಕನ್ನಿನ ಹೆಸರು ಅದರೊಳಗಿನ ಶಿಲೀಂಧ್ರಕ್ಕೆ ಸಲ್ಲುತ್ತದೆ. ಆ ಶಿಲೀಂಧ್ರದ ನಂಟನ್ನು ಅನುಸರಿಸಿಯೇ ಅದನ್ನು ಕುಟುಂಬ, ಗಣಗಳಲ್ಲಿ ಇರಿಸುತ್ತಾರೆ. ಆದರೆ ನಂಟನ್ನು ಗುರುತಿಸುವುದು ಹೇಗೆ?

ಕ್ಯಾಲಿಸಿಯೇಲೀಸ್ ಎಂಬ ಗಣದ ಕಥೆಯನ್ನು ನೋಡಿ. ತೊಗಟೆಯಲ್ಲಿ ಗುಂಡುಸೂಜಿಗಳನ್ನು ಚುಚ್ಚಿಟ್ಟಂತೆ ಕಾಣುವ ಕಿರಿಯ ಶಿಲೀಂಧ್ರಗಳಿವೆ. ತೆಳುವಾದ ಕಡ್ಡಿ, ಅದರ ತುದಿಯಲ್ಲಿ ಪುಟ್ಟ ತಲೆ, ತಲೆಯ ತುಂಬ ಬೀಜಕಗಳ ಒಣ ಪುಡಿ. ಹಿಂದಿನ ವಿದ್ವಾಂಸರು ಈ ಹೋಲಿಕೆಯನ್ನು ನೆಚ್ಚಿ ಇವನ್ನೆಲ್ಲ ಒಂದೇ ಗಣವೆಂದು ಎಣಿಸಿದರು.

ಆದರೆ 20ನೆಯ ಶತಮಾನದ ಕೊನೆಗೆ ಡಿ.ಎನ್.ಎ.ಯನ್ನು ಹೋಲಿಸಿ ನೋಡಿದಾಗ ಇವು ಒಂದೇ ಮನೆತನದವಲ್ಲವೆಂಬುದು ಸ್ಪಷ್ಟವಾಯಿತು. ಬಾವಲಿಗೂ ಹಕ್ಕಿಗೂ ರೆಕ್ಕೆಗಳು ಬೇರೆಬೇರೆಯಾಗಿ ಬಂದಂತೆ, ಈ ಗುಂಡುಸೂಜಿಯ ರೂಪವೂ ಬೇರೆಬೇರೆ ವಂಶಗಳಲ್ಲಿ ಬೇರೆಬೇರೆಯಾಗಿಯೇ ಮೂಡಿತ್ತು. ಈ ಶಿಲೀಂಧ್ರಗಳ ಅಧ್ಯಯನದಲ್ಲಿಯೇ ವರ್ಷಗಳನ್ನು ಕಳೆದ ಸ್ವೀಡನ್ನಿನ ಲೇಫ್ ಟಿಬೆಲ್, ಮ್ಯಾಟ್ಸ್ ವೆಡಿನ್ ಎಂಬ ವಿದ್ವಾಂಸರು, ಪಾಚಿಯ ಸಂಗವಿಲ್ಲದ ಕೆಲವನ್ನು ಬೇರ್ಪಡಿಸಿ 2000ದಲ್ಲಿ ಮೈಕೋಕ್ಯಾಲಿಸಿಯೇಲೀಸ್ ಎಂಬ ಹೊಸ ಗಣವನ್ನು ರಚಿಸಿದರು. 2013ರಲ್ಲಿ ಕೋನಿಯೋಸೈಬೇಲೀಸ್ ಎಂಬ ಇನ್ನೊಂದು ಗಣ ಬೇರೆಯಾಯಿತು. ಹಳೆಯ ಮನೆಯೇನೂ ಬರಿದಾಗಲಿಲ್ಲ. ಕಡ್ಡಿಯೂ ಇಲ್ಲದ, ಪುಡಿಯೂ ಇಲ್ಲದ, ತೊಗಟೆಗೆ ಎಲೆಯಂತೆ ಅಂಟಿಕೊಂಡು ಬೆಳೆಯುವ ಫಿಸಿಯ ಮತ್ತು ಅದರ ಬಳಗ ಅದರೊಳಕ್ಕೆ ಬಂದಿತು. ಹೋಲಿಕೆಯಿಲ್ಲದಿದ್ದರೂ ನಂಟು ಅಲ್ಲಿತ್ತು.

ಒಂದು ಗಣವನ್ನು ಕಟ್ಟುವುದಕ್ಕೆ ತೀಕ್ಷ್ಣವಾದ ಕಣ್ಣು ಬೇಕು. ತಾವೇ ಬಹುಕಾಲ ಬಾಳಿದ ಮನೆಯನ್ನು ಸತ್ಯಕ್ಕಾಗಿ ಬಿಚ್ಚಿ ಮತ್ತೆ ಕಟ್ಟುವುದಕ್ಕೆ ಅದಕ್ಕಿಂತ ದೊಡ್ಡ ಮನಸ್ಸು ಬೇಕು. ನೈಲಾಂಡರನಿಗೆ ಮೊದಲನೆಯದು ಧಾರಾಳವಾಗಿ ಒಲಿದಿತ್ತು. ಎರಡನೆಯದು ದುರ್ಲಭವೆಂಬುದಕ್ಕೆ ಅವನ ಬಾಳೇ ಸಾಕ್ಷಿ.